ಅತಿಭಾರಾರೋಪಣ: ಹೊರಿಸುವವರ ಹೊಣೆ

ಶ್ರಾವಕ-ಶ್ರಾವಿಕೆಯರು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಅಹಿಂಸಾಣುವ್ರತವೇ ಮೊದಲನೆಯದು ಎಂಬುದು ಸರ್ವವಿದಿತ. ವ್ರತವನ್ನು ಸ್ವೀಕರಿಸಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ, ದಿನನಿತ್ಯದ ವ್ಯವಹಾರದಲ್ಲಿ ಅದಕ್ಕೆ ಕಳಂಕ ತಗಲುವ ಸಂದರ್ಭಗಳು ಅನೇಕ ಎಂಬುದನ್ನು ಅರಿತ ಪೂರ್ವಾಚಾರ್ಯರು ಆ ಕಳಂಕಗಳನ್ನು ಅತಿಚಾರಗಳೆಂದು ಹೆಸರಿಸಿದ್ದಾರೆ. ಅಹಿಂಸಾವ್ರತದ ಅತಿಚಾರಗಳು ಐದು. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರವನ್ನು ಹೊರಿಸುವುದು, ಅನ್ನ ನೀರುಗಳನ್ನು ತಡೆಯುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ಐದನ್ನೂ ಹೇಳಲಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವು ಬರುತ್ತವೆ. ಶ್ವೇತಾಂಬರ ಮನೆತನಗಳಲ್ಲಿ ಪ್ರತಿಕ್ರಮಣದ ವೇಳೆ ಪಠಿಸುವ ವಂದಿತ್ತು ಸೂತ್ರದಲ್ಲಿಯೂ ಇವೇ ಐದು ಇವೆ. ಮನೆಮಾತು ಕನ್ನಡವಿರಲಿ, ತಮಿಳಿರಲಿ, ಮಲಯಾಳವಿರಲಿ, ಗುಜರಾತಿ ಅಥವಾ ಮಾರವಾಡಿಯಿರಲಿ, ಈ ಪಟ್ಟಿ ಎಲ್ಲರಿಗೂ ಒಂದೇ.

ಇವುಗಳಲ್ಲಿ ನಾಲ್ಕನೆಯದಾದ ಅತಿಭಾರಾರೋಪಣವು ಉಳಿದವುಗಳಿಗಿಂತ ಸ್ವಲ್ಪ ಭಿನ್ನವಾದುದು. ಹೊಡೆಯುವವನಿಗೆ ತಾನು ಹೊಡೆಯುತ್ತಿರುವೆನೆಂದು ಗೊತ್ತಿರುತ್ತದೆ. ಕಟ್ಟುವವನ ಕೈಯಲ್ಲಿ ಹಗ್ಗವಿರುತ್ತದೆ. ಆದರೆ ಭಾರ ಹೊರಿಸುವವನು ನಗುಮುಖದಿಂದಲೇ ಹೊರಿಸುತ್ತಾನೆ, ಕೂಲಿಯನ್ನೂ ಕೊಡುತ್ತಾನೆ, ಹೊತ್ತವನು ನಮಸ್ಕರಿಸಿ ಹೋಗುತ್ತಾನೆ. ಇಬ್ಬರಿಗೂ ಅಲ್ಲಿ ಹಿಂಸೆ ನಡೆಯಿತೆಂಬ ಭಾವನೆಯೇ ಬಾರದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಯವಾದ ಭಾರವನ್ನು ಮೀರಿ ಹೊರಿಸುವುದೇ ಅತಿಭಾರಾರೋಪಣವೆಂದು ವಿವರಿಸುತ್ತಾರೆ. ಹಾಗಾದರೆ ನ್ಯಾಯವಾದ ಭಾರವೆಂದರೆ ಎಷ್ಟು? ಅದನ್ನು ನಿರ್ಣಯಿಸುವವರು ಯಾರು, ಹೊರುವವನೋ ಹೊರಿಸುವವನೋ? ವ್ಯಾಪಾರ, ತೋಟ, ಗೋದಾಮುಗಳನ್ನು ನಡೆಸುವ ಕುಟುಂಬಗಳು ಈ ಪ್ರಶ್ನೆಯನ್ನು ಶಾಸ್ತ್ರಚರ್ಚೆಯೆಂದು ಬದಿಗಿಡುವಂತಿಲ್ಲ.

ಪಶುಗಳ ವಿಷಯದಲ್ಲಿ ಭಾರತದ ಕಾನೂನು ಈ ಪ್ರಶ್ನೆಗೆ ಅಂಕಿಗಳಲ್ಲಿಯೇ ಉತ್ತರ ಕೊಟ್ಟಿದೆ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಬಂದ ನಿಯಮಗಳ ಪ್ರಕಾರ ಕತ್ತೆಯ ಬೆನ್ನ ಮೇಲೆ ಹೇರಬಹುದಾದ ಗರಿಷ್ಠ ಭಾರ 50 ಕಿಲೋ, ತಟ್ಟುಗುದುರೆಗೆ 70 ಕಿಲೋ, ಸಣ್ಣ ಎತ್ತಿಗೆ 100 ಕಿಲೋ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಐದು ಗಂಟೆಗಿಂತ ಹೆಚ್ಚು ಕಾಲ ವಿಶ್ರಾಂತಿಯಿಲ್ಲದೆ ದುಡಿಸಬಾರದು, ಉಷ್ಣತೆ 37 ಡಿಗ್ರಿ ಮೀರುವ ಕಡೆ ನಡುಹಗಲು ಹನ್ನೆರಡರಿಂದ ಮೂರರವರೆಗೆ ದುಡಿಸಬಾರದು ಎಂಬ ವಿಧಿಗಳೂ ಅಲ್ಲಿವೆ. ಇಂತಹ ಕಾನೂನನ್ನು ಕಂಡು ಜೈನರಾದವರಿಗೆ ಸಂತೋಷವಾಗುವುದು ಸಹಜ.

ಆದರೆ ಅದೇ ಕಾಲದಲ್ಲಿ ಮಂಡಿಗಳಲ್ಲಿ ಅಕ್ಕಿ, ಸಕ್ಕರೆಯ ಗೋಣಿಚೀಲಗಳು 100 ಕಿಲೋ ತೂಗುತ್ತಿದ್ದವು. ಅವುಗಳನ್ನು ಹಮಾಲಿಯು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತುತ್ತಿದ್ದನು. ಕತ್ತೆಗೆ ವಿಧಿಸಿದ ಗರಿಷ್ಠ ಭಾರದ ಎರಡರಷ್ಟನ್ನು, ಅಂದರೆ ಎತ್ತು ಹೊರುವಷ್ಟನ್ನು, ಮನುಷ್ಯನು ಹೊರುತ್ತಿದ್ದನು. ಮೂಕಪಶುವಿಗೆ ದೊರೆತ ಕರುಣೆ ಮಾತು ಬಲ್ಲ ಮನುಷ್ಯನಿಗೆ ಏಕೆ ದೊರೆಯಲಿಲ್ಲ? ಕಾರಣ ಆ ಮಾತೇ ಆಗಿದೆ. ಪಶುವು ಒಪ್ಪಲಾರದು, ಆದ್ದರಿಂದ ಅದರ ಪರವಾಗಿ ಬೇರೆಯವರು ಯೋಚಿಸಬೇಕಾಯಿತು. ಮನುಷ್ಯನು "ಹೊರುತ್ತೇನೆ" ಎಂದು ಹೇಳಬಲ್ಲನು, ಆದ್ದರಿಂದ ಯೋಚಿಸುವ ಹೊಣೆ ಮುಗಿಯಿತೆಂದು ಎಲ್ಲರೂ ತಿಳಿದರು.

ಹೊಣೆ ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ಲೋಕವೂ ಕ್ರಮೇಣ ಒಪ್ಪಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಗರಿಷ್ಠ ಭಾರದ ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಆರೋಗ್ಯಕ್ಕೆ ಅಪಾಯ ತರುವಷ್ಟು ಭಾರವನ್ನು ಹೊರುವಂತೆ ಕಾರ್ಮಿಕನನ್ನು ಒತ್ತಾಯಿಸಬಾರದು, ಅವನು ಮುಂದಾದರೂ ಅದಕ್ಕೆ ಅನುಮತಿಸಬಾರದು ಎಂಬುದು ಅದರ ಆಶಯ. ಜೊತೆಗೆ ಬಂದ ಶಿಫಾರಸಿನಲ್ಲಿ ವಯಸ್ಕ ಪುರುಷನಿಗೆ 55 ಕಿಲೋ ಎಂಬ ಮೇರೆಯನ್ನು ಸೂಚಿಸಲಾಯಿತು. ಭಾರತವು ಈ ಒಡಂಬಡಿಕೆಯನ್ನು 2010ರಲ್ಲಿ ಸ್ಥಿರೀಕರಿಸಿತು. ದೇಶದೊಳಗೆ 1948ರ ಕಾರ್ಖಾನೆ ಕಾಯಿದೆಯು ಗಾಯವಾಗುವಷ್ಟು ಭಾರವನ್ನು ಎತ್ತಿಸಬಾರದೆಂದು ಹೇಳಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಈಗ 2025ರ ನವೆಂಬರ್ 21ರಿಂದ ವೃತ್ತಿ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಯಲ್ಲಿದೆ. ಮಂಡಿ ಹಾಗೂ ಗೋದಾಮುಗಳಲ್ಲಿ ದುಡಿಯುವವರಿಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ, ಕೇರಳದಲ್ಲಿ 1978ರಲ್ಲಿ, ತಮಿಳುನಾಡಿನಲ್ಲಿ 1982ರಲ್ಲಿ ಪ್ರತ್ಯೇಕ ಕಾಯಿದೆಗಳು ಬಂದವು.

ಅನುಮತಿಸಲೂಬಾರದು ಎಂಬ ಮಾತು ಜೈನರಿಗೆ ಹೊಸದಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಕರ್ಮವು ಅಂಟುತ್ತದೆಯೆಂದು ಬಾಲಕರೂ ಪಾಠಶಾಲೆಯಲ್ಲಿ ಕಲಿಯುತ್ತಾರೆ. ಭಾರದ ವಿಷಯದಲ್ಲಿ ಹೊರಿಸುವವನದು ಕಾರಿತ, ಕಂಡೂ ಸುಮ್ಮನೆ ಒಪ್ಪುವವನದು ಅನುಮೋದನ. ಹೊರುವವನ ಒಪ್ಪಿಗೆ ಈ ಎರಡನ್ನೂ ಅಳಿಸಲಾರದು.

ಈ ವಿಚಾರವನ್ನು ನೀಲಗಿರಿಯ ಪಶ್ಚಿಮದ ಅಂಚಿನಲ್ಲಿರುವ ದೇವಾಲದಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಮೂರು ನುಡಿಗಳು ಕೂಡುವ ಸೀಮೆ ಅದು. ಮೂಟೆ ಹೊರುವವನನ್ನು ಕನ್ನಡಿಗರು ಹಮಾಲಿಯೆಂದೂ, ಮಲಯಾಳಿಗಳು ಚುಮಟ್ಟುತೊಳಿಲಾಳಿಯೆಂದೂ, ತಮಿಳರು ಸುಮೈ ತೂಕ್ಕುಂ ತೊಳಿಲಾಳಿಯೆಂದೂ ಕರೆಯುತ್ತಾರೆ. ಹೆಸರು ಮೂರಾದರೂ ಹೊರುವ ಬೆನ್ನು ಒಂದೇ. 1880ರ ಸುಮಾರಿಗೆ ಈ ಊರು ಚಿನ್ನದ ಗಣಿಗಾರಿಕೆಯಿಂದ ಹೆಸರಾಯಿತು. ಇಂಗ್ಲೆಂಡಿನಲ್ಲಿ ಬಂಡವಾಳ ಕೂಡಿಸಿದ ಅನೇಕ ಕಂಪನಿಗಳು ಇಲ್ಲಿಗೆ ಯಂತ್ರಗಳನ್ನು ತರಿಸಿದವು. ಕೆಲವೇ ವರ್ಷಗಳಲ್ಲಿ ಆ ಕನಸು ಮುರಿಯಿತು. ಷೇರುದಾರರು ಕಳೆದುಕೊಂಡ ಹಣದ ಕಥೆ ಇತಿಹಾಸದಲ್ಲಿ ಉಳಿಯಿತು. ಆ ಯಂತ್ರಗಳನ್ನು ಘಟ್ಟ ಹತ್ತಿಸಿದ ಮನುಷ್ಯರ ಮತ್ತು ಎತ್ತುಗಳ ಲೆಕ್ಕವನ್ನು ಯಾರೂ ಇಟ್ಟಂತೆ ಕಾಣದು.

ಚಿನ್ನ ಹೋದ ಮೇಲೆ ಚಹಾ ಉಳಿಯಿತು. 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಆಸರೆಯಾಗಲೆಂದು ಗೂಡಲೂರು, ಪಂದಲೂರು ಭಾಗಗಳಲ್ಲಿ ಸರ್ಕಾರಿ ಚಹಾ ತೋಟಗಳೂ ಎದ್ದವು. ನೈಋತ್ಯ ಮಾರುತದ ತಿಂಗಳುಗಳಲ್ಲಿ ತಮಿಳುನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ದೇವಾಲವೂ ಒಂದು. ಆ ಮಳೆಯಲ್ಲಿ ಕಿತ್ತ ಎಲೆ ನೀರು ಕುಡಿದಿರುತ್ತದೆ, ಹೊತ್ತೊಯ್ಯುವ ಚೀಲವೂ ನೆನೆದಿರುತ್ತದೆ, ಕಾಲ್ದಾರಿಯ ಕೆಂಪುಮಣ್ಣು ಜಾರುತ್ತಿರುತ್ತದೆ. ಒದ್ದೆ ಎಲೆಯನ್ನು ತೂಗುವಾಗ ನೀರಿಗಾಗಿ ಇಂತಿಷ್ಟು ತೂಕವನ್ನು ಕಳೆಯುವುದು ಚಹಾ ವ್ಯವಹಾರದಲ್ಲಿ ಇರುವ ರೂಢಿ. ಹಣದ ಲೆಕ್ಕದಲ್ಲಿ ಅದು ನ್ಯಾಯವೇ ಇರಬಹುದು. ಆದರೆ ಲೆಕ್ಕದಲ್ಲಿ ಕಳೆದುಹೋದ ಆ ನೀರು ಇಳಿಜಾರಿನಲ್ಲಿ ನಡೆದುಬಂದ ಹೆಂಗಸಿನ ಕತ್ತಿನ ಮೇಲೆ ಕಳೆದಿರಲಿಲ್ಲ. ಅವಳು ಅದನ್ನೂ ಹೊತ್ತು ತಂದಿರುತ್ತಾಳೆ. ತೂಕದ ಪುಸ್ತಕವೊಂದು, ದೇಹದ ಪುಸ್ತಕ ಮತ್ತೊಂದು.

ಇದರಿಂದ ತಿಳಿಯುವ ಸಂಗತಿಯೆಂದರೆ, ತೂಕ ಬೇರೆ, ಭಾರ ಬೇರೆ. ಹಳೆಯ ಕಾಲದ ತೂಕದ ಕೋಲನ್ನು ಬಲ್ಲ ವರ್ತಕರಿಗೆ ಇದನ್ನು ವಿವರಿಸುವುದು ಸುಲಭ. ಕೋಲಿನ ಮೇಲೆ ಗುಂಡು ದೂರ ಸರಿದಷ್ಟೂ ಅದೇ ಗುಂಡು ಹೆಚ್ಚು ಸರಕಿಗೆ ಸಮನಾಗುತ್ತದೆ. ಮನುಷ್ಯನ ಸೊಂಟವೂ ಅಂತಹ ಕೋಲಿನ ಆಧಾರಬಿಂದು. ಚೀಲವನ್ನು ಮೈಗೆ ಒತ್ತಿ ಹಿಡಿದಾಗ ಆಗುವ ಭಾರಕ್ಕಿಂತ ಕೈಚಾಚಿ ಹಿಡಿದಾಗ ಆಗುವ ಭಾರ ಎಷ್ಟೋ ಪಟ್ಟು ಹೆಚ್ಚು. ನೆಲದಿಂದ ಬಾಗಿ ಎತ್ತಿದರೆ, ಎತ್ತುತ್ತಲೇ ಮೈ ತಿರುಗಿಸಿದರೆ, ಬೆನ್ನುಮೂಳೆಯ ಕೆಳಭಾಗದ ಡಿಸ್ಕುಗಳ ಮೇಲೆ ಒತ್ತಡ ಇನ್ನೂ ಏರುತ್ತದೆ. ಬ್ರಿಟನ್ನಿನಲ್ಲಿ 1992ರಲ್ಲಿ ಬಂದ ನಿಯಮಗಳ ಜೊತೆಗಿರುವ ಮಾರ್ಗಸೂಚಿಯಲ್ಲಿ, ಸೊಂಟದ ಎತ್ತರದಲ್ಲಿ ಮೈಗೆ ಹತ್ತಿರ ಹಿಡಿದ ಸರಕಿಗೆ ಪುರುಷರಿಗೆ 25 ಕಿಲೋ, ಸ್ತ್ರೀಯರಿಗೆ 16 ಕಿಲೋ ಎಂದಿದೆ. ಅದೇ ಸರಕು ನೆಲಮಟ್ಟದಲ್ಲಿದ್ದರೆ 10 ಮತ್ತು 7 ಕಿಲೋ ಮಾತ್ರ. ಇವು ದಾಟಲೇಬಾರದ ಗೆರೆಗಳಲ್ಲ. ಇದಕ್ಕಿಂತ ಹೆಚ್ಚಾದರೆ ನಿಂತು ಪರಿಶೀಲಿಸಿ ಎಂದು ತಿಳಿಸುವ ಗುರುತುಗಳು. ಅಡುಗೆ ಅನಿಲದ ತುಂಬಿದ ಮನೆ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ, ಸಿಮೆಂಟಿನ ಚೀಲ 50 ಕಿಲೋ ತೂಗುತ್ತದೆ ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.

ಆದುದರಿಂದ ನ್ಯಾಯವಾದ ಭಾರವನ್ನು ತಿಳಿಯಲು ತಕ್ಕಡಿಯೊಂದೇ ಸಾಲದು, ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು ಸರಕಿನ ಕುರಿತು: ಅದು ಎಷ್ಟು ತೂಗುತ್ತದೆ, ಹಿಡಿಯಲು ಹಿಡಿಕೆಯುಂಟೇ, ಒಳಗೆ ಅಲುಗಾಡುತ್ತದೆಯೇ? ಎರಡನೆಯದು ಕೆಲಸದ ಕುರಿತು: ಎಲ್ಲಿಂದ ಎಲ್ಲಿಗೆ ಎತ್ತಬೇಕು, ಎಷ್ಟು ಬಾರಿ ಬಾಗಬೇಕು, ನಡುವೆ ಎಷ್ಟು ವಿರಾಮ? ಮೂರನೆಯದು ಸ್ಥಳದ ಕುರಿತು: ಮೆಟ್ಟಿಲೇ, ಇಳಿಜಾರೇ, ಒದ್ದೆ ನೆಲವೇ, ಕತ್ತಲೆಯೇ? ನಾಲ್ಕನೆಯದು ವ್ಯಕ್ತಿಯ ಕುರಿತು: ಹೊರುವವರು ಯುವಕರೋ, ವೃದ್ಧರೋ, ಗರ್ಭಿಣಿಯೋ, ನಿನ್ನೆ ಜ್ವರದಿಂದ ಎದ್ದವರೋ? ಸುಧಾರಿತ ದೇಶಗಳ ಕಾರ್ಖಾನೆಗಳಲ್ಲಿ ಅಪಾಯದ ಪರಿಶೀಲನೆಯೆಂದು ಮಾಡುವುದು ಹೆಚ್ಚು ಕಡಿಮೆ ಇದನ್ನೇ. ಇದಕ್ಕೆ ವಿದೇಶಿ ವಿದ್ಯೆ ಬೇಕಿಲ್ಲ, ಎತ್ತುವ ಮುನ್ನ ನೋಡುವ ಮನಸ್ಸು ಬೇಕು.

ಎತ್ತುವ ಮುನ್ನ ನೋಡುವುದು ಜೈನ ಮುನಿಗಳ ನಿತ್ಯಾಚರಣೆ. ಐದು ಸಮಿತಿಗಳಲ್ಲಿ ಒಂದಾದ ಆದಾನನಿಕ್ಷೇಪಣ ಸಮಿತಿಯು ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ಜೀವಕ್ಕೆ ನೋವಾಗದಂತೆ ಎಚ್ಚರವಹಿಸುವ ನಿಯಮ. ದಿಗಂಬರ ಮುನಿಯು ಕಮಂಡಲುವನ್ನು ಎತ್ತುವ ಮೊದಲು ಪಿಂಛಿಯಿಂದ ಸ್ಥಳವನ್ನು ಮೃದುವಾಗಿ ಸವರುತ್ತಾರೆ. ಶ್ವೇತಾಂಬರ ಸಾಧುವು ರಜೋಹರಣವನ್ನು ಬಳಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕ್ಕಾಗಿ ಅಷ್ಟು ಎಚ್ಚರ. ಆ ಮುನಿಗಳಿಗೆ ಭಕ್ತಿಯಿಂದ ನಮಸ್ಕರಿಸುವ ಗೃಹಸ್ಥನು ತನ್ನ ಗೋದಾಮಿನಲ್ಲಿ ಮೂಟೆ ಎತ್ತಿಸುವ ಮೊದಲು ಎತ್ತುವವನ ಮುಖವನ್ನಾದರೂ ನೋಡಬೇಡವೇ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಗಾಯ ಮಾಡುವ ಉದ್ದೇಶ ಯಾರಿಗೂ ಇಲ್ಲದಿರುವಾಗ ಅದು ಹಿಂಸೆ ಹೇಗಾದೀತು? ಜೈನಾಗಮದ ಉತ್ತರ ಸ್ಪಷ್ಟವಾಗಿದೆ. ದ್ವೇಷವೊಂದೇ ಹಿಂಸೆಯ ಮೂಲವೆಂದು ಶಾಸ್ತ್ರ ಹೇಳುವುದಿಲ್ಲ. ಪ್ರಮಾದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಕ್ಕೆ ಘಾಸಿಯಾದರೂ ಅದು ಹಿಂಸೆಯೇ. ಎಚ್ಚರದಿಂದ ನಡೆದೂ ಅನಿವಾರ್ಯವಾಗಿ ಆದುದಕ್ಕೂ, ನೋಡಬಹುದಾಗಿದ್ದುದನ್ನು ನೋಡದೆ ಆದುದಕ್ಕೂ ಭೇದವಿದೆ. ಬೆನ್ನಿನ ಗಾಯವು ಬಹುಪಾಲು ಎರಡನೆಯ ಬಗೆಯದು. ಅದು ಒಂದೇ ದಿನ ಆಗುವುದು ಅಪರೂಪ. ವರ್ಷಗಟ್ಟಲೆ ಹೊತ್ತ ಬಳಿಕ ಒಂದು ಮುಂಜಾನೆ ಸೊಂಟ ಹಿಡಿಯುತ್ತದೆ, ಆಗ ಎಲ್ಲರೂ "ವಯಸ್ಸಾಯಿತು" ಎನ್ನುತ್ತಾರೆ. ರಕ್ತ ಕಾಣದ ಕಾರಣ ಯಾರ ಲೆಕ್ಕಕ್ಕೂ ಅದು ಬಾರದು. ವರ್ತಕನಿಗಾದರೋ ಅರಿಯದೆ ಆಯಿತು ಎನ್ನುವ ಅವಕಾಶವೂ ಕಡಿಮೆ. ಪ್ರತಿಯೊಂದು ಚೀಲದ ತೂಕವನ್ನು ಬೆಲೆಗಾಗಿ ಗ್ರಾಂವರೆಗೆ ಬಲ್ಲವನು ಹೆಗಲಿಗಾಗಿ ಅದನ್ನು ಅರಿಯೆನೆಂದರೆ ಅದು ಪ್ರಮಾದವೆಂದೇ ಎನಿಸಿಕೊಳ್ಳುತ್ತದೆ.

ಅಂಗಡಿ, ತೋಟಗಳಿಗೆ ಮಾತ್ರವೇ ಈ ಮಾತು ಅನ್ವಯಿಸುವುದಿಲ್ಲ. ಜೈನರ ತೀರ್ಥಯಾತ್ರೆಯ ಮಧ್ಯದಲ್ಲಿಯೇ ಈ ಪ್ರಶ್ನೆ ನಿಂತಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಪಾಲಿತಾಣದ ಶತ್ರುಂಜಯಕ್ಕೆ ಮೂರು ಸಾವಿರಕ್ಕೂ ಹೆಚ್ಚು. ಸಮ್ಮೇದ ಶಿಖರ್ಜಿಯಲ್ಲಿ ಏರಿ, ಟೋಂಕುಗಳ ವಂದನೆ ಮಾಡಿ, ಇಳಿಯುವ ಹಾದಿ ಸುಮಾರು 27 ಕಿಲೋಮೀಟರ್. ಗಿರನಾರಿನ ಮೆಟ್ಟಿಲುಗಳು ಹತ್ತಿರ ಹತ್ತಿರ ಹತ್ತು ಸಾವಿರ. ಈ ಕ್ಷೇತ್ರಗಳಲ್ಲಿ ವೃದ್ಧರನ್ನೂ ಅಶಕ್ತರನ್ನೂ ಡೋಲಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ಗಿರನಾರಿನಲ್ಲಿ ಕುಳಿತುಕೊಳ್ಳುವವರ ತೂಕ ನೋಡಿ ದರ ನಿಗದಿಪಡಿಸುವ ರೂಢಿಯಿದೆ. ಅಲ್ಲಿ ಯಾತ್ರಿಕನೇ ಭಾರ. ಜೀವಮಾನದಲ್ಲಿ ಒಮ್ಮೆ ಭಗವಂತನ ಚರಣಗಳನ್ನು ಕಾಣಬೇಕೆಂಬ ತಾಯಿಯ ಆಸೆಯನ್ನು ತಪ್ಪೆನ್ನುವವರು ಯಾರು? ಆದರೆ ಅವಳ ಪುಣ್ಯದ ಮೆಟ್ಟಿಲುಗಳನ್ನು ಮತ್ತೊಬ್ಬ ತಾಯಿಯ ಮಗ ತನ್ನ ಮೊಣಕಾಲಿನಿಂದ ಹತ್ತುತ್ತಿದ್ದಾನೆ ಎಂಬುದೂ ಅಷ್ಟೇ ನಿಜ.

ಗಿರನಾರಿನಲ್ಲಿ 2020ರ ಅಕ್ಟೋಬರ್ 24ರಂದು ರೋಪ್‌ವೇ ಉದ್ಘಾಟನೆಯಾಯಿತು. ಭಾರವನ್ನು ಮನುಷ್ಯನ ಹೆಗಲಿನಿಂದ ತಂತಿಗೆ ವರ್ಗಾಯಿಸಿದ್ದರಿಂದ ಅತಿಭಾರದ ದೋಷ ಕಡಿಮೆಯಾಗಬಹುದು. ಆದರೆ ಡೋಲಿ ಹೊತ್ತು ಉಣ್ಣುತ್ತಿದ್ದ ಮನೆಗಳ ಅನ್ನದ ಗತಿಯೇನು? ಅತಿಚಾರಗಳ ಪಟ್ಟಿಯಲ್ಲಿ ನಾಲ್ಕನೆಯದರ ಪಕ್ಕದಲ್ಲಿಯೇ ಐದನೆಯದಾದ ಅನ್ನಪಾನನಿರೋಧ ಇರುವುದನ್ನು ಇಲ್ಲಿ ನೆನೆಯಬೇಕು. ಭಾರ ಇಳಿಸುವ ನೆಪದಲ್ಲಿ ಅನ್ನ ಕಿತ್ತುಕೊಂಡರೆ ಒಂದು ಅತಿಚಾರದಿಂದ ಹೊರಬಂದು ಮತ್ತೊಂದಕ್ಕೆ ಕಾಲಿಟ್ಟಂತೆ. ಅನ್ನ ಕೊಡುತ್ತಿರುವೆನೆಂಬ ನೆಪದಲ್ಲಿ ಅತಿಭಾರ ಹೊರಿಸುವುದೂ ಅದೇ ತಪ್ಪಿನ ಮತ್ತೊಂದು ಮುಖ. "ಅವನೇ ಹೆಚ್ಚು ಮೂಟೆ ಕೇಳುತ್ತಾನೆ, ಕಡಿಮೆ ಮಾಡಿದರೆ ಅವನಿಗೇ ನಷ್ಟ" ಎಂಬ ಮಾತು ಮಂಡಿಗಳಲ್ಲಿ ಕೇಳಿಬರುತ್ತದೆ. ಅವನು ಹೆಚ್ಚು ಮೂಟೆ ಕೇಳುವುದು ಮೂಟೆಯ ಮೇಲಿನ ಪ್ರೀತಿಯಿಂದಲ್ಲ, ಪ್ರತಿ ಮೂಟೆಗೆ ಕಟ್ಟಿದ ಕೂಲಿ ಸಂಸಾರಕ್ಕೆ ಸಾಲದಿರುವುದರಿಂದ. 100 ಕಿಲೋ ಚೀಲವನ್ನು 50 ಕಿಲೋದ ಎರಡು ಚೀಲ ಮಾಡಿ ಪ್ರತಿ ಚೀಲದ ಕೂಲಿಯನ್ನು ಅರ್ಧಕ್ಕಿಳಿಸಿದರೆ ಬೆನ್ನಿನ ಒಂದು ಕಷ್ಟ ಇಳಿದು, ಎರಡು ಬಾರಿ ಬಾಗುವ ಮತ್ತೊಂದು ಕಷ್ಟ ಏರುತ್ತದೆ. ಚೀಲ ಹಗುರಾದಂತೆ ಕೂಲಿಯೂ ಹಗುರಾಗದಂತೆ ನೋಡುವುದು ಪರಿಹಾರದ ಮೊದಲ ಅರ್ಧ.

ಉಳಿದ ಅರ್ಧಕ್ಕೆ ಒಂದು ಕ್ರಮವಿದೆ. ಹೊರುವುದೇ ಬೇಡವಾಗುವಂತೆ ಮಾಡಲು ಸಾಧ್ಯವೇ ಎಂದು ಮೊದಲು ನೋಡಬೇಕು. ಲಾರಿಯು ಗೋದಾಮಿನ ಬಾಗಿಲಿಗೇ ಹಿಂಬದಿಯಾಗಿ ಬಂದು ನಿಂತರೆ ಐವತ್ತು ಹೆಜ್ಜೆಗಳ ಹೊರೆ ಇಲ್ಲವಾಗುತ್ತದೆ. ತೋಟದ ಕೆಳಗಿನ ರಸ್ತೆಯಲ್ಲಿಯೂ ಎಲೆ ತೂಗುವ ವ್ಯವಸ್ಥೆಯಾದರೆ ಏರು ಹತ್ತುವುದು ತಪ್ಪುತ್ತದೆ. ಅದು ಆಗದಿದ್ದರೆ ಚಕ್ರಕ್ಕೆ ಹೊರಿಸಬೇಕು: ಕೈಗಾಡಿ, ಟ್ರಾಲಿ, ಇಳಿಜಾರು ಹಲಗೆ. ಲಾರಿಯ ಹಾಸಿನ ಮಟ್ಟಕ್ಕೆ ಕಟ್ಟಿದ ಕಟ್ಟೆಯೊಂದು ದಿನಕ್ಕೆ ನೂರಾರು ಬಾರಿ ಬಾಗುವುದನ್ನು ತಪ್ಪಿಸುತ್ತದೆ. ಅದೂ ಸಾಲದಿದ್ದರೆ ಭಾರವನ್ನು ವಿಭಾಗಿಸಬೇಕು: ಚಿಕ್ಕ ಚೀಲ, ಇಬ್ಬರ ಕೈ, ನಡುವೆ ವಿರಾಮ, ಮಳೆಯ ದಿನಕ್ಕೆ ಕಡಿಮೆ ಹೊರೆ. ಹೇಗೆ ಎತ್ತಬೇಕೆಂಬ ಉಪದೇಶಕ್ಕೆ ಕಟ್ಟಕಡೆಯ ಸ್ಥಾನ. ಮೊಣಕಾಲು ಮಡಿಸಿ ಎತ್ತು ಎಂದು ಹೇಳಿಕೊಡುವುದು ಒಳ್ಳೆಯದೇ. ಆದರೆ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುವುದಿಲ್ಲವೆಂಬುದು ಹಲವು ದೇಶಗಳ ಅಧ್ಯಯನಗಳಿಂದ ಕಂಡುಬಂದಿದೆ. ಭಾರವನ್ನು ಹಾಗೆಯೇ ಬಿಟ್ಟು ಉಪದೇಶ ಮಾತ್ರ ಕೊಡುವವನು ತನ್ನ ಹೊಣೆಯನ್ನೂ ಆ ಬೆನ್ನಿನ ಮೇಲೆಯೇ ಹೇರಿದಂತಾಗುತ್ತದೆ. ಈ ಎಲ್ಲಕ್ಕೂ ಮುನ್ನ ಹೊರುವವರನ್ನೇ ಕೇಳಬೇಕು. ಯಾವ ಮೆಟ್ಟಿಲು ಜಾರುತ್ತದೆ, ಯಾವ ಚೀಲ ಹಿಡಿತಕ್ಕೆ ಸಿಗದು ಎಂಬುದನ್ನು ಅವರಷ್ಟು ಬಲ್ಲವರು ಬೇರೊಬ್ಬರಿಲ್ಲ. ಹೇಳಿದವನಿಗೆ ಮರುದಿನ ಕೆಲಸ ತಪ್ಪದೆಂಬ ಭರವಸೆಯಿದ್ದರೆ ಮಾತ್ರ ಅವರು ಬಾಯಿ ಬಿಡುತ್ತಾರೆ.

ಉತ್ಸವದ ದಿನಗಳು ಇದನ್ನು ಆಚರಣೆಗೆ ತರಲು ಉತ್ತಮ ಸಂದರ್ಭ. ಪ್ರಸಾದದ ಅಡುಗೆಗೆ ಅಕ್ಕಿಯ ಚೀಲಗಳು ಬರುತ್ತವೆ, ತುಂಬಿದ ಸಿಲಿಂಡರುಗಳು ಬರುತ್ತವೆ, ತಲಾ 20 ಲೀಟರಿನ ನೀರಿನ ಕ್ಯಾನುಗಳು ಬರುತ್ತವೆ, ಕುದಿಯುವ ಸಾರಿನ ಹಂಡೆಗಳು ಒಲೆಯಿಂದ ಇಳಿಯುತ್ತವೆ. ಪೆಂಡಾಲಿನ ಕಂಬಗಳನ್ನೂ ಜಮಖಾನಗಳನ್ನೂ ಕುರ್ಚಿಗಳನ್ನೂ ಹೊರುವವರು ಪೂಜೆ ಮುಗಿದ ಮೇಲೆ ಬಂದು ಪೂಜೆಗೆ ಮೊದಲೇ ಹೋಗಿರುತ್ತಾರೆ. ಆದ್ದರಿಂದ ಅನೇಕರು ಅವರನ್ನು ನೋಡಿಯೇ ಇರುವುದಿಲ್ಲ. ಉತ್ಸವದ ಖರ್ಚಿನ ಪಟ್ಟಿಯಲ್ಲಿ ಹೂವಿಗೂ ದೀಪಾಲಂಕಾರಕ್ಕೂ ಸ್ಥಾನವಿರುವಂತೆ ಎರಡು ಟ್ರಾಲಿಗಳಿಗೆ, ಹಂಡೆ ಹಿಡಿಯಲು ಉದ್ದನೆಯ ಕೋಲು ಕೊಂಡಿಗಳಿಗೆ, ಹೊರುವವರ ಊಟಕ್ಕೆ, ಪೂರ್ಣ ಕೂಲಿಗೆ ಸ್ಥಾನವಿದ್ದರೆ ಅದೂ ಪೂಜಾಸಾಮಗ್ರಿಯೇ ಆಗುತ್ತದೆ. ಪಲ್ಲಕ್ಕಿಗೆ ಹೆಗಲು ಕೊಡಲು ಮುಂದಾಗುವ ಯುವಕರು ಅಕ್ಕಿಯ ಚೀಲದ ಇನ್ನೊಂದು ತುದಿಗೂ ಕೈ ಕೊಡಬಹುದು.

ಮನೆಗಳಲ್ಲಿಯೂ ಆಚರಿಸಲು ಕಷ್ಟವಿಲ್ಲ. ಏರುದಾರಿಯ ಮೇಲಿನ ಮನೆಗೆ ಸಿಲಿಂಡರು ಹೊತ್ತು ತರುವವನಿಗೆ ಮಳೆಯಲ್ಲಿ ಮೆಟ್ಟಿಲ ಪಾಚಿ ಕೆರೆದಿಡುವುದು, ಸಾಮಾನನ್ನು ಒಂದೇ ದೊಡ್ಡ ಮೂಟೆಯಾಗಿ ಕಟ್ಟಿಸದೆ ಎರಡಾಗಿ ಕಟ್ಟಿಸುವುದು, ತೀರ್ಥಯಾತ್ರೆಯಲ್ಲಿ ನಡೆಯಬಲ್ಲವರು ನಡೆಯುವುದು, ನಡೆಯಲಾರದವರು ಡೋಲಿ ಏರಿದರೆ ಚೌಕಾಸಿ ಮಾಡದೆ, ನಡುನಡುವೆ ಇಳಿಸಿ ದಣಿವಾರಿಸಿಕೊಳ್ಳಲು ಅವಕಾಶ ಕೊಡುವುದು, ಇವೆಲ್ಲ ಸಣ್ಣ ಸಂಗತಿಗಳೇ. ಅಣುವ್ರತವೆಂದರೆ ಸಣ್ಣ ವ್ರತವೆಂದೇ ಅರ್ಥ.

ಪ್ರತಿಕ್ರಮಣದಲ್ಲಿ ನಾಲ್ಕನೆಯ ಅತಿಚಾರದ ಹೆಸರು ಬಂದಾಗ ಅನೇಕರು ಎತ್ತಿನ ಗಾಡಿಯ ಕಾಲವನ್ನು ನೆನೆದು, ಇದು ತಮಗೆ ಸಂಬಂಧಿಸದೆಂದು ಮುಂದೆ ಸಾಗುತ್ತಾರೆ. ಇನ್ನು ಮುಂದೆ ಆ ಕ್ಷಣದಲ್ಲಿ ಆ ದಿನ ತಮಗಾಗಿ ಭಾರ ಹೊತ್ತ ಒಬ್ಬ ವ್ಯಕ್ತಿಯ ಹೆಸರನ್ನು ಮನಸ್ಸಿನಲ್ಲಿ ತಂದುಕೊಳ್ಳಲಿ. ಹೆಸರು ನೆನಪಿಗೆ ಬಾರದಿದ್ದರೆ ಮರುದಿನ ಅವರನ್ನು ಕೇಳಿ ತಿಳಿದುಕೊಳ್ಳಲಿ. ಕೇಳುವಾಗ ಬೆನ್ನು ಹೇಗಿದೆಯೆಂದೂ ಕೇಳಲಿ.